ಅಜ್ಜನ ಕೆಮ್ಮಿಗೆ ಎಷ್ಟು ವಯಸ್ಸು?

ದಾವಣಗೆರೆಯ ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಇದ್ದಾರೆ. ವಯಸ್ಸು 74. ಹರೆಯದಲ್ಲಿ ಕಾಟನ್ ಮಿಲ್ಲಿನಲ್ಲಿ ದುಡಿದರು, ಮಿಲ್ಲು ಮುಚ್ಚಿದ ಮೇಲೆ ಮಂಡಕ್ಕಿ ಭಟ್ಟಿಗೆ ಹೋದರು. ಕಳೆದ ವರ್ಷ ನಾಲ್ಕು ತಿಂಗಳು ಕೆಮ್ಮಿದರು. ಜ್ವರ ಜಾಸ್ತಿ ಇರಲಿಲ್ಲ, ರಕ್ತ ಬೀಳಲಿಲ್ಲ. ಊಟ ಮಾತ್ರ ಸೇರುತ್ತಿರಲಿಲ್ಲ, ಅಂಗಿ ದಿನದಿನಕ್ಕೆ ಸಡಿಲವಾಗುತ್ತಿತ್ತು. ಮುದುಕರಲ್ಲಿ ಟಿಬಿ ಹೀಗೇ ಸದ್ದಿಲ್ಲದೆ ಬರುತ್ತದೆ. "ಭಟ್ಟಿ ಹೊಗೆ ಕುಡಿದ ಎದೆ ಅಲ್ವಾ" ಅಂತ ಮನೆಯವರು ಸುಮ್ಮನಾದರು. ಒಂದು ಕ್ಲಿನಿಕ್‌ನಲ್ಲಿ ಮೂರು ಸಲ ಸಿರಪ್ ಬರೆದುಕೊಟ್ಟರು. ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು ಡಬ್ಬಿ ಕೊಟ್ಟು ಕಫ ತರಿಸಿಕೊಂಡಾಗ ಕ್ಷಯ ಅಂತ ಗೊತ್ತಾಯಿತು.

"ಈ ವಯಸ್ಸಲ್ಲಿ ಯಾರಿಂದ ಅಂಟಿತು?" ಅಂತ ಮಗ ಕೇಳಿದರು. ಈಚೆಗೆ ಯಾರಿಂದಲೂ ಅಂಟಿರಬೇಕಿಲ್ಲ. ಕ್ಷಯದ ರೋಗಾಣು ಒಳಹೊಕ್ಕ ನೂರು ಜನರಲ್ಲಿ 5ರಿಂದ 10 ಮಂದಿಗಷ್ಟೇ ಕಾಯಿಲೆ ಬರುತ್ತದೆ. ಉಳಿದವರ ದೇಹ ಅದನ್ನು ಕಟ್ಟಿಹಾಕಿರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ಅರೆಹೊಟ್ಟೆ ಆ ಕಟ್ಟನ್ನು ಸಡಿಲ ಮಾಡುತ್ತವೆ. ಹುಡುಗನಾಗಿದ್ದಾಗ ಹೊಕ್ಕದ್ದು ಮುಪ್ಪಿನಲ್ಲಿ ಏಳಬಹುದು.

ಅಜ್ಜ ಹುಡುಗರಾಗಿದ್ದ ಕಾಲ ಹೇಗಿತ್ತು? ರಾಬರ್ಟ್ ಕಾಕ್ ಈ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1940ರ ದಶಕದಲ್ಲಿ, ಐಸೊನಿಯಾಜಿಡ್ 1952ರಲ್ಲಿ. ಕ್ಷಯ ರೋಗಿಗಳನ್ನು ಇರಿಸುತ್ತಿದ್ದ ಆಸ್ಪತ್ರೆಗೆ, ಅಂದರೆ ಸ್ಯಾನಟೋರಿಯಂಗೆ, ಹೋಗದೆ ಮನೆಯಲ್ಲೇ ಮಾತ್ರೆ ನುಂಗಿದರೂ ವಾಸಿಯಾಗುತ್ತದೆ ಅಂತ 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಅಧ್ಯಯನ ತೋರಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, 1962ರಲ್ಲಿ ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಶುರುವಾದವು.

ಆ ಸಂಸ್ಥೆಯವರು ಚಿತ್ರದುರ್ಗದ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳನ್ನು ಮಾತಾಡಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಅನ್ನುವ ಮಾತು ಅಲ್ಲಿ ಸುಳ್ಳಾಯಿತು. ಅರ್ಧದಷ್ಟು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿ ಬಾಟಲಿ! ಇದು ಪ್ರಕಟವಾಗಿದ್ದು 1963ರಲ್ಲಿ. ನಮ್ಮ ಅಜ್ಜನ ಮೂರು ಸಿರಪ್ ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ಎರಡು ವಾರ ಕೆಮ್ಮಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ, ಆರು ತಿಂಗಳ ಮಾತ್ರೆಯೂ ಉಚಿತ. ಊಟಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ 1,000. ವಯಸ್ಸಾದವರಿಗೆ ಈ ಮಾತ್ರೆಗಳು ಲಿವರ್‌ಗೆ ಭಾರವಾಗಬಹುದು. ಕಣ್ಣು ಹಳದಿಯಾದರೆ ಅವತ್ತೇ ಡಾಕ್ಟರಿಗೆ ಹೇಳಬೇಕು. ಅಜ್ಜ ಒಂದು ದಿನವೂ ಬಿಡದೆ ನುಂಗಿ ಮುಗಿಸಿದರು.

ಈಗ ಮತ್ತೆ ಕೆಮ್ಮು. ಮೈಕ್ರೋಸ್ಕೋಪಿನಲ್ಲಿ ರೋಗಾಣು ಕಾಣಿಸಿತು, ಕ್ಷಯಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಮಾತ್ರ ಟಿಬಿ ಇಲ್ಲ ಅಂದಿತು. ಇಂಥ ಕಡೆ ಡಾಕ್ಟರುಗಳು ಕ್ಷಯಾಣುವಿನ ದಾಯಾದಿಗಳನ್ನು, ಅಂದರೆ ಅದೇ ಕುಲದ ಬೇರೆ ರೋಗಾಣುಗಳನ್ನು (ಎನ್‌ಟಿಎಂ), ಅನುಮಾನಿಸುತ್ತಾರೆ. ಅವು ಮಣ್ಣಿನಲ್ಲಿ, ನೀರಿನಲ್ಲಿ ಇರುತ್ತವೆ. ಹಳೇ ಟಿಬಿ ಗಾಯದ ಕಲೆ ಉಳಿದ ಶ್ವಾಸಕೋಶ ಸಿಕ್ಕರೆ ಅಲ್ಲೇ ಬೀಡುಬಿಡುತ್ತವೆ. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಹಾಗಾಗಿ ಇವೇ ಅಂತ ಖಚಿತವಾದರೆ ಮೊಮ್ಮಕ್ಕಳನ್ನು ದೂರ ಇಡಬೇಕಿಲ್ಲ. ಆದರೆ ಮೈಕ್ರೋಸ್ಕೋಪಿಗೆ ಎರಡೂ ಒಂದೇ ಥರ. "ಟಿಬಿ ಮರುಕಳಿಸಿತು" ಅಂದುಕೊಂಡು ಅದೇ ಮಾತ್ರೆ ಮತ್ತೆ ಕೊಟ್ಟರೆ ಎಷ್ಟೋ ಸಲ ಗುಣ ಕಾಣುವುದಿಲ್ಲ. ಇವಕ್ಕೆ ಮದ್ದು ಬೇರೆ, ಕಫ ಸ್ವಚ್ಛವಾದ ಮೇಲೂ ಸುಮಾರು ಒಂದು ವರ್ಷ ನುಂಗಬೇಕು. ಯಾವುದೆಂದು ತಿಳಿಯಲು ಕಫವನ್ನು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಬೇಕು, ಅದೂ ಒಂದಕ್ಕಿಂತ ಹೆಚ್ಚು ಸಲ.

ಅಜ್ಜನ ಎರಡನೇ ಡಬ್ಬಿ ಮೊನ್ನೆ ಹೋಗಿದೆ. ಫಲಿತಾಂಶಕ್ಕೆ ಆರು ವಾರದವರೆಗೂ ಹಿಡಿಯಬಹುದಂತೆ.