ಒಂದು ಸಲದ ಆಪರೇಷನ್, ದಿನಕ್ಕೆ ನಾಲ್ಕು ಮಾತ್ರೆ

ಸೊಂಟನೋವೆಂದು ಎಂಟು ತಿಂಗಳು ಎಣ್ಣೆ ತಿಕ್ಕಿಸಿಕೊಂಡು ಆಮೇಲೆ ನನ್ನ ಹತ್ತಿರ ಬಂದವರು ಅವರು. ಮಲೆನಾಡಿನ ಅಡಿಕೆ ಬೆಳೆಗಾರರು, ಅರವತ್ತೇಳು ವರ್ಷ. ಅವರಿಗಿದ್ದದ್ದು ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿಯದ್ದು. ಆ ಕ್ಯಾನ್ಸರಿನಲ್ಲಿ ರಕ್ತದಲ್ಲಿ ಏರುವ ಪಿಎಸ್‌ಎ 412. ಬೋನ್ ಸ್ಕ್ಯಾನಿನಲ್ಲಿ ಬೆನ್ನುಮೂಳೆಯುದ್ದಕ್ಕೂ ಕಪ್ಪು ಚುಕ್ಕೆ, ಕ್ಯಾನ್ಸರ್ ಅಲ್ಲಿಗೆ ಹರಡಿದ ಗುರುತು. ಬಯಾಪ್ಸಿಯಲ್ಲಿ ಗ್ಲೀಸನ್ 9. ಗ್ಲೀಸನ್ ಅಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ಎರಡು ಮಾದರಿಗಳ ಅಂಕ ಕೂಡಿಸಿದ್ದು. 6 ಬಂದರೆ ಸಾಧು ಹಸು, 9 ಬಂದರೆ ಹಾಯುವ ಹೋರಿ.

"ಆ ಗಡ್ಡೆ ತೆಗೆದುಬಿಡಿ ಸಾರ್, ಖರ್ಚಾದ್ರೆ ಆಗ್ಲಿ" ಅಂದ ಮಗ.

ಬೀಜ ಗಾಳಿಗೆ ಹಾರಿ ತೋಟವೆಲ್ಲ ಮೊಳೆತ ಮೇಲೆ ತಾಯಿಗಿಡ ಕಿತ್ತರೆ ಕಳೆ ಹೋಗುವುದಿಲ್ಲ. ಅದಕ್ಕೆ ಸಿಗುವ ನೀರು ನಿಲ್ಲಿಸಬೇಕು. ಈ ಕ್ಯಾನ್ಸರಿಗೆ ಆ ನೀರು ವೃಷಣದಲ್ಲಿ ತಯಾರಾಗುವ ಗಂಡು ಹಾರ್ಮೋನು, ಟೆಸ್ಟೋಸ್ಟಿರಾನ್. ಚಾರ್ಲ್ಸ್ ಹಗಿನ್ಸ್ ಇದನ್ನು 1941ರಲ್ಲೇ ತೋರಿಸಿದ್ದರು, 1966ರಲ್ಲಿ ಅದಕ್ಕೆ ನೊಬೆಲ್ ಬಂತು.

ನಿಲ್ಲಿಸಲು ಎರಡು ದಾರಿ. ಒಂದು, ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್. ಇನ್ನೊಂದು, ಎರಡೂ ವೃಷಣ ತೆಗೆಯುವ ಚಿಕ್ಕ ಆಪರೇಷನ್. ಹಳೇ ಕಾಲದ್ದು ಅಂತ ಕೆಲವರು ಮೂಗು ಮುರಿಯುತ್ತಾರೆ. ಆದರೆ ಕ್ಯಾನ್ಸರ್ ಹತೋಟಿಗೆ ಎರಡೂ ಸರಿಸಮ, ಖರ್ಚು ಒಂದೇ ಸಲ, ಹಾರ್ಮೋನು ಒಂದೇ ದಿನದಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ನಾದರೆ ಮೊದಲ ಒಂದೆರಡು ವಾರ ಹಾರ್ಮೋನು ಏರಿಯೇ ಇಳಿಯುವುದು. ಬೆನ್ನುಹುರಿ ಪಕ್ಕದಲ್ಲೇ ಗಡ್ಡೆ ಇದ್ದಾಗ ಆ ಏರಿಕೆ ಅಪಾಯ. ತಡೆಯಲು ಬೇರೆ ಮಾತ್ರೆ ಕೊಡಬೇಕಾಗುತ್ತದೆ.

ಯಜಮಾನರು ತಲೆ ತಗ್ಗಿಸಿ ಕೂತಿದ್ದರು. ಹೆಂಡತಿಯೇ ಬಾಯಿ ಬಿಟ್ಟರು: "ಮೂವರು ಮಕ್ಕಳಾಗಿದಾರೆ, ಇನ್ನೇನ್ ನೋಡ್ತೀರಿ? ಮಾಡಿಸ್ಕೊಳಿ."

ಇಷ್ಟಕ್ಕೇ ನಿಲ್ಲಿಸುವುದೇ ಈಗಲೂ ನಡೆಯುವ ದೊಡ್ಡ ತಪ್ಪು ಅಂತ ನನಗನ್ನಿಸುತ್ತದೆ. ವೃಷಣ ಹೋದರೂ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತೊಟ್ಟು ತೊಟ್ಟು ಹಾರ್ಮೋನು ಸುರಿಸುತ್ತದೆ. ಕ್ಯಾನ್ಸರ್ ಕಣವೇ ತನಗೆ ಬೇಕಾದಷ್ಟು ಮಾಡಿಕೊಳ್ಳುವುದೂ ಉಂಟು. ಆ ಕಳ್ಳ ನಲ್ಲಿಯನ್ನು ಮುಚ್ಚುವುದು ಅಬಿರಾಟೆರೋನ್ ಎಂಬ ಮಾತ್ರೆ. ಮೊದಲಿನಿಂದಲೇ ಇದನ್ನು ಸೇರಿಸಿದರೆ ಸಾವಿನ ಅಪಾಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆಂದು 2017ರಲ್ಲಿ ಎರಡು ದೊಡ್ಡ ಅಧ್ಯಯನಗಳು ತೋರಿಸಿದವು. ಕೆಲವರಿಗೆ ಆರು ಸಲ ಡೋಸಿಟ್ಯಾಕ್ಸೆಲ್ ಕೀಮೋ ಕೂಡ ಸೇರಿಸುತ್ತೇವೆ. ನಮ್ಮಲ್ಲಿ ಅಬಿರಾಟೆರೋನ್ ಜೆನೆರಿಕ್ ಸಿಗುತ್ತದೆ, ಅದೊಂದು ಪುಣ್ಯ.

250 ಮಿಲಿಗ್ರಾಮಿನ ನಾಲ್ಕು ಮಾತ್ರೆ, ಬರೀ ಹೊಟ್ಟೆಗೆ. ತಿಂದು ಎರಡು ಗಂಟೆ ಆಗಿರಬೇಕು, ಆಮೇಲೂ ಒಂದು ಗಂಟೆ ಏನೂ ತಿನ್ನಬಾರದು. ಊಟದ ಜೊತೆ ನುಂಗಿದರೆ ಔಷಧ ಹಲವು ಪಟ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ನಮ್ಮ ಯಜಮಾನರು ಬೆಳಗಿನ ಜಾವ ತೋಟಕ್ಕೆ ಹೊರಡುವ ಮೊದಲು ನುಂಗಿ, ಬಂದು ದೋಸೆ ತಿನ್ನುತ್ತಾರೆ. ಜೊತೆಗೆ ಪ್ರೆಡ್ನಿಸೋಲೋನ್ ಇರಲೇಬೇಕು. 'ಸ್ಟೀರಾಯ್ಡು, ಬೇಡ' ಅಂತ ಅದೊಂದನ್ನು ಬಿಟ್ಟು ಬಿಪಿ ಏರಿಸಿಕೊಂಡು, ಪೊಟ್ಯಾಸಿಯಂ ಇಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಲಿವರ್ ಪರೀಕ್ಷೆಯೂ ಆಗಾಗ ಆಗಬೇಕು. ಕಾಲು ಸೋತಂತಾದರೆ, ಮೂತ್ರ ಕಟ್ಟಿದರೆ, ಗಡ್ಡೆ ಬೆನ್ನುಹುರಿ ಒತ್ತುತ್ತಿರಬಹುದು; ಅಪಾಯಿಂಟ್‌ಮೆಂಟ್ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕು.

ಏಳನೇ ತಿಂಗಳು ಪಿಎಸ್‌ಎ 0.1. ಆ ಹೊತ್ತಿಗೆ 0.2ಕ್ಕಿಂತ ಕೆಳಗಿದ್ದರೆ ಒಳ್ಳೆಯ ಲಕ್ಷಣ. ನೋವಿಲ್ಲ, ಮೈ ಮಾತ್ರ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುತ್ತದೆ. "ಮುಟ್ಟು ನಿಂತಾಗ ನಾನು ಪಟ್ಟಿದ್ದು ಈಗ ಗೊತ್ತಾಗಿದೆ ಇವರಿಗೆ" ಅಂತ ಹೆಂಡತಿ ನಕ್ಕರು.

"ಹಾಗಾದ್ರೆ ಮಾತ್ರೆ ನಿಲ್ಲಿಸ್ಬಹುದಾ ಡಾಕ್ಟ್ರೇ?"

"ಇಲ್ಲ ಯಜಮಾನರೇ. ಅದು ಕೆಲಸ ಮಾಡ್ತಿರೋದ್ರಿಂದಲೇ ಈ ನಂಬರು."

ಅವರು ಚೀಟಿ ನನ್ನತ್ತ ತಳ್ಳಿದರು: "ಬರೀರಿ ಮತ್ತೆ, ಮೂರು ತಿಂಗಳಿಗೆ."