ಕೋಲಾರದ ಚಿನ್ನದ ಕಳ್ಳ ಕಥಾನಾಯಕನಾದ ಬಗೆ

2018 ಮತ್ತು 2022ರಲ್ಲಿ ‘ಕೆ.ಜಿ.ಎಫ್’ ಚಿತ್ರಗಳು ತೆರೆಗೆ ಬಂದ ಮೇಲೆ, ಒಳ್ಳೆಯವನೆಂದು ಮೆಚ್ಚಲೂ ಆಗದ, ಕೆಟ್ಟವನೆಂದು ತಳ್ಳಲೂ ಆಗದ ನಾಯಕನನ್ನು ಕೋಲಾರದ ಗಣಿಗೆ ತಂದು ನಿಲ್ಲಿಸಿದ್ದು ಸಿನಿಮಾದವರೇ ಎಂಬ ಭಾವನೆ ಬೆಳೆದಿದೆ. ಆದರೆ ಆ ಊರಿನಲ್ಲಿ ಕಳ್ಳ ಯಾರು, ಒಡೆಯ ಯಾರು ಎಂಬ ಪ್ರಶ್ನೆಗೆ ಶತಮಾನಕ್ಕೂ ಮೀರಿದ ವಯಸ್ಸಾಗಿದೆ.

ಕನ್ನಡದ ಪತ್ತೇದಾರಿ ಕಾದಂಬರಿ ಈ ಪ್ರಶ್ನೆಯನ್ನು ಬಹುಕಾಲ ಕೇಳಲಿಲ್ಲ. ನಾಲ್ಕನೆಯ ತರಗತಿಯವರೆಗಷ್ಟೇ ಓದಿ, 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಲಕ್ಷಾಂತರ ಜನರಿಗೆ ಓದುವ ಚಟ ಹಿಡಿಸಿದ ಎನ್. ನರಸಿಂಹಯ್ಯನವರ ಲೋಕದಲ್ಲಿ ಪತ್ತೇದಾರ ಕಾನೂನಿನ ಕಡೆಯವನು. ಕೊನೆಯ ಪುಟಗಳಲ್ಲಿ ಕೋಳ ಬೀಳುವುದು ಕಳ್ಳನ ಕೈಗೇ. ಕಾನೂನು ನ್ಯಾಯವಾಗಿದೆ ಎಂದು ಓದುಗ ನಂಬಿದಾಗ ಮಾತ್ರ ಅಂಥ ಕಥೆ ನಡೆಯುತ್ತದೆ. ಗಣಿ ಕಾರ್ಮಿಕರು ವಾಸಿಸುತ್ತಿದ್ದ ಸಾಲು ಮನೆಗಳಲ್ಲಿ, ಅಂದರೆ ಲೈನು ಮನೆಗಳಲ್ಲಿ, ಆ ನಂಬಿಕೆ ಉಳಿಯುವುದು ಕಷ್ಟವಿತ್ತು.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಇಲ್ಲಿ ಕಾಲಿಟ್ಟ ನಂತರ ಗಣಿಗಾರಿಕೆ ಭರದಿಂದ ಬೆಳೆಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗಳಿಗೆ, ಬೆಂಗಳೂರಿಗಲ್ಲ. ಕೆಳಗೆ ಇಳಿಯುತ್ತಿದ್ದವರಲ್ಲಿ ಹೆಚ್ಚಿನವರು ತಮಿಳು, ತೆಲುಗು ಸೀಮೆಗಳಿಂದ ಬಂದ ದಲಿತ ಕುಟುಂಬಗಳವರು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಹೋಯಿತು; ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ಮೇಲಿನ ಒತ್ತಡಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಜನ ಸಾಯುತ್ತಿದ್ದರು. ಅದಿರು ಕುಟ್ಟುವ ಮಿಲ್ಲುಗಳಲ್ಲಿ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಅದಿರಿನ ರಾಡಿ ಹರಿಯುವಾಗ ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಆ ಮಿಶ್ರಣದ ಒಂದು ಚೂರು ಹೊರಗೆ ಬಂದರೆ ಸಾಕು, ಕಾಯಿಸಿದಾಗ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಮನೆಯ ಒಲೆಯಲ್ಲೇ ಮುಗಿಯುವ ಕೆಲಸ. ವಿಷದ ಹೊಗೆ ಮಾತ್ರ ಕಾಯಿಸಿದವನ ಪಾಲಿಗೆ.

ಕಳವು ನಡೆಯುತ್ತಿತ್ತೆಂಬುದರಲ್ಲಿ ಅನುಮಾನವಿಲ್ಲ. ಅದಕ್ಕೆ ಸಿಕ್ಕ ಉತ್ತರವೇ ಕಥೆಯ ತಿರುವು. ಮೈಸೂರು ಸಂಸ್ಥಾನ 1897ರಲ್ಲಿ ತಂದ ಗಣಿ ಕಾಯ್ದೆಯ ಪ್ರಕಾರ, ಅದಿರನ್ನೋ ಚಿನ್ನದ ಮಿಶ್ರಣವನ್ನೋ ಹೊಂದಿದ್ದವನು ಅದು ಎಲ್ಲಿಂದ ಬಂತೆಂದು ತಾನೇ ಲೆಕ್ಕ ಕೊಡಬೇಕಿತ್ತು. ಕದ್ದದ್ದನ್ನು ಸರ್ಕಾರ ಸಾಬೀತುಪಡಿಸಬೇಕಿಲ್ಲ, ಕದ್ದಿಲ್ಲವೆಂಬುದನ್ನು ಕೂಲಿಯವನು ಸಾಬೀತುಪಡಿಸಬೇಕು. ರೋಚಕ ಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇರೆಲ್ಲಿ ಸಿಕ್ಕೀತು? ಮೊದಲ ಪುಟದಲ್ಲೇ ನಾಯಕ ಆರೋಪಿ, ಮತ್ತು ಅವನನ್ನು ಆರೋಪಿಯಾಗಿಸಿದವರು ಟನ್ನುಗಟ್ಟಲೆ ಚಿನ್ನವನ್ನು ಕಾನೂನುಬದ್ಧವಾಗಿ ಸಾಗಿಸುತ್ತಿದ್ದಾರೆ.

1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. ಬೆರಳಚ್ಚು ಕೊಡುವುದು ಜೈಲು ಕಂಡವರು ಎಂಬ ಅವಮಾನ ಅವರನ್ನು ಕೂಲಿಯ ಪ್ರಶ್ನೆಗಿಂತ ಹೆಚ್ಚು ಕೆರಳಿಸಿತೆಂದು ನನಗೆ ಅನಿಸುತ್ತದೆ. ಚಿತ್ರಗಳಲ್ಲಿ ನನಗೆ ಕಾಣಿಸದ್ದೂ ಇದೇ: ಅಲ್ಲಿ ಜನ ತಮ್ಮನ್ನು ಬಿಡಿಸಲು ಒಬ್ಬ ವೀರನಿಗಾಗಿ ಕಾಯುತ್ತಾರೆ, ಗಣಿಯ ಚರಿತ್ರೆಯಲ್ಲಿ ಅವರು ತಾವೇ ಹೊರಗೆ ನಡೆದು ಬಂದರು.

1956ರಲ್ಲಿ ಗಣಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದಿತು. 1972ರಲ್ಲಿ ಅದನ್ನು ನಡೆಸಲು ಕೇಂದ್ರ ಸರ್ಕಾರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲವನ್ನು, ಟನ್ ಅದಿರಿಗೆ ಕೆಲವೇ ಗ್ರಾಂ ಸಿಗುವ ಸ್ಥಿತಿ ಬಂದಾಗ, 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಉಳಿದದ್ದು ಬೇಸಿಗೆ ಗಾಳಿಗೆ ದೂಳೆಬ್ಬಿಸುವ ಸೈನೈಡ್ ದಿಬ್ಬಗಳು (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಸುರಿದ ಅದಿರಿನ ಪುಡಿಯ ರಾಶಿಗಳು), ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಗಣಿಯವರ ಮಕ್ಕಳು.

ಕಳವು ಮಾತ್ರ ನಿಲ್ಲಲಿಲ್ಲ. 2020ರ ಮೇ ತಿಂಗಳಲ್ಲಿ ಮಾರಿಕುಪ್ಪಂ ಬಳಿಯ ಪಾಳು ಶಾಫ್ಟಿಗೆ (ಗಣಿಯೊಳಗೆ ಇಳಿಯುವ ಬಾವಿಗೆ) ರಾತ್ರಿ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು.