ಫೋಟೊ ಎಡಿಟಿಂಗ್‌ಗೆ ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ?

ಫೋಟೊ ಎಡಿಟ್ ಮಾಡಲು ಕಂಪ್ಯೂಟರ್ ಕೊಳ್ಳುವವರೆಲ್ಲ ಮೊದಲು ವಿಚಾರಿಸುವುದು ಪ್ರೊಸೆಸರ್ ಯಾವುದು ಅಂತ. ನಾನು ಕೇಳುವುದು ಬೇರೆ: ಎಲ್ಲಿ ಕೂತು ಎಡಿಟ್ ಮಾಡುತ್ತೀರಿ?

ಯಾಕಂದ್ರೆ ನಮ್ಮ ಕಣ್ಣು ಸುತ್ತಲಿನ ಬೆಳಕಿಗೆ ಸುಮ್ನೆ ಹೊಂದಿಕೊಂಡುಬಿಡುತ್ತದೆ. ಹಳದಿ ಬಲ್ಬಿನ ಕೆಳಗೂ ಬಿಳಿ ಕಾಗದ ಬಿಳಿಯಾಗಿ ಕಾಣುತ್ತದಲ್ವಾ, ಅದಕ್ಕೇ. ಕತ್ತಲೆ ಕೋಣೆಯಲ್ಲಿ ಸ್ಕ್ರೀನ್ ಜಾಸ್ತಿ ಬೆಳಗುತ್ತಿರುವಂತೆ ಕಾಣುವುದರಿಂದ ಫೋಟೊದ ಬೆಳಕನ್ನು ತಗ್ಗಿಸುತ್ತಾ ಹೋಗುತ್ತೇವೆ, ಬೆಳಗ್ಗೆ ಅದನ್ನೇ ಕಿಟಕಿ ಪಕ್ಕ ತೆರೆದು ನೋಡಿದರೆ ಎಲ್ಲ ಕಪ್ಪುಕಪ್ಪು. ಹೀಗೆ ಪ್ರಿಂಟ್ ಹಾಕಿಸಿ ಪೆಚ್ಚಾದವರಲ್ಲಿ ನಾನೂ ಒಬ್ಬ. ಡೆಸ್ಕ್‌ಟಾಪಿನ ದೊಡ್ಡ ಗುಣವೇ ಅದು ಇದ್ದಲ್ಲೇ ಇರುವುದು. ಸುತ್ತಲಿನ ಬೆಳಕನ್ನು ಒಂದೇ ಸಮ ಇಟ್ಟುಕೊಳ್ಳಬಹುದು.

ಲ್ಯಾಪ್‌ಟಾಪಿನ ಸ್ಕ್ರೀನ್ ಟಿಎನ್ ಪ್ಯಾನೆಲ್ ಎಂಬ ಅಗ್ಗದ ಬಗೆಯದಾಗಿದ್ದರಂತೂ ಅದನ್ನು ಒಂಚೂರು ವಾಲಿಸಿದರೂ ಬಣ್ಣ ಬದಲಾಗುತ್ತದೆ. ಐಪಿಎಸ್ ಎಂಬ ಇನ್ನೊಂದು ಬಗೆಯ ಸ್ಕ್ರೀನಿನಲ್ಲಿ ಈ ಕಾಟ ಕಡಿಮೆ, ಆದರೆ ಅಲ್ಲೂ ಒಂದು ಕಿತಾಪತಿ ಇದೆ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ‘ಶೇ 45 ಎನ್‌ಟಿಎಸ್‌ಸಿ’ (ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಎಂಬುದರ ಅಳತೆ) ಎಂದಿದ್ದರೆ ಬೇಡವೇ ಬೇಡ. ವೆಬ್‌ನಲ್ಲಿ ಎಲ್ಲರೂ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣಗಳ ಗುಂಪಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಆ ಸ್ಕ್ರೀನ್ ತೋರಿಸುವುದೇ ಇಲ್ಲ. ಕಾಣದ ಬಣ್ಣವನ್ನು ತಿದ್ದುವುದು ಹೇಗೆ?

ಇನ್ನು ಬಿಸಿಯ ವಿಚಾರ. ತೆಳ್ಳಗಿನ ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಮಾನ್ಯವಾಗಿ 15ರಿಂದ 45 ವ್ಯಾಟ್‌ನಲ್ಲಿ ಕೆಲಸ ಮಾಡುತ್ತದೆ, ಡೆಸ್ಕ್‌ಟಾಪಿನದು 65 ವ್ಯಾಟ್ ಅಥವಾ ಇನ್ನೂ ಜಾಸ್ತಿ. ಒಂದೊಂದೇ ಫೋಟೊ ತಿದ್ದುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 500 ಫೋಟೊಗಳನ್ನು ಒಟ್ಟಿಗೆ ಎಕ್ಸ್‌ಪೋರ್ಟ್‌ಗೆ ಹಾಕಿ ನೋಡಿ, ಮೊದಲು ಸರಸರ ಓಡಿದ ಲ್ಯಾಪ್‌ಟಾಪ್ ಬಿಸಿಯೇರಿದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಫ್ಯಾನಿನ ಗಲಾಟೆ ಬೇರೆ.

ರ‍್ಯಾಮ್ ಲೆಕ್ಕ ಸುಲಭ. 24 ಮೆಗಾಪಿಕ್ಸೆಲ್ ಫೋಟೊವನ್ನು 16 ಬಿಟ್‌ನಲ್ಲಿ ತೆರೆದರೆ ಒಂದೊಂದು ಪಿಕ್ಸೆಲ್ಲಿಗೆ ಮೂರು ಬಣ್ಣ, ಬಣ್ಣಕ್ಕೆ 2 ಬೈಟ್, ಒಟ್ಟು 144 ಎಂಬಿ. ಅದರ ನಕಲಿನ ಮೇಲೆ ನಕಲು ಮಾಡಿ ಹತ್ತು ಲೇಯರ್ ಪೇರಿಸಿದರೆ ಹತ್ತಿರ ಹತ್ತಿರ ಒಂದೂವರೆ ಜಿಬಿ ಆಯಿತು. ಅಂಡೂ ಮಾಡಲೆಂದು ಸಾಫ್ಟ್‌ವೇರ್ ಇಟ್ಟುಕೊಳ್ಳುವ ಹಳೆಯ ಹಂತಗಳು ಇನ್ನೂ ಬಾಕಿ. 16 ಜಿಬಿಗಿಂತ ಕಡಿಮೆ ಬೇಡ, 32 ಇದ್ದರೆ ಆರಾಮ. ಡೆಸ್ಕ್‌ಟಾಪಿಗಾದರೆ ಆಮೇಲೆ ಸೇರಿಸಬಹುದು, ಆದರೆ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಕೊಂಡಾಗ ಎಷ್ಟಿತ್ತೋ ಕೊನೆವರೆಗೂ ಅಷ್ಟೇ.

ಇಷ್ಟೆಲ್ಲ ಹೇಳಿದ ನಾನು ಬಳಸುವುದು ಲ್ಯಾಪ್‌ಟಾಪನ್ನೇ! ಓಡಾಟ ಜಾಸ್ತಿ, ಏನು ಮಾಡೋದು. ಮನೆಯ ಮೇಜಿನ ಮೇಲೆ ಮಾತ್ರ ಒಂದು ಒಳ್ಳೆಯ ಐಪಿಎಸ್ ಮಾನಿಟರ್ ಇದೆ. ಹೊರಗಿದ್ದಾಗ ಫೋಟೊ ಆರಿಸುತ್ತೇನೆ, ಕ್ರಾಪ್ ಮಾಡುತ್ತೇನೆ. ಬಣ್ಣಕ್ಕೆ ಕೈ ಹಾಕುವುದು ಮನೆಗೆ ಬಂದು ಕೇಬಲ್ ಸಿಕ್ಕಿಸಿದ ಮೇಲೆಯೇ.